ಕಟ್ಟೆಯ ಬುಡದಲ್ಲಿ ಹೂದೋಟ: ಸರ್ ಮಿರ್ಜಾ ಇಸ್ಮಾಯಿಲ್

ದೊಡ್ಡ ಕೆಲಸವೊಂದು ಮುಗಿದ ಮೇಲೆ ಆ ಕೆಲಸ ನಡೆದ ನೆಲವನ್ನು ಏನು ಮಾಡಬೇಕು? ಸಾಮಾನ್ಯವಾಗಿ ನಾವು ಅದನ್ನು ಕಲ್ಲುಚೂರಿಗೂ ಜಾಲಿಗಿಡಕ್ಕೂ ಬಿಟ್ಟು ಬರುತ್ತೇವೆ. ಹಾಗೆ ಬಿಡದೆ ಅದನ್ನು ಜನರ ಉದ್ಯಾನವನ್ನಾಗಿ ಮಾಡಿದವರಲ್ಲಿ ಸರ್ ಮಿರ್ಜಾ ಇಸ್ಮಾಯಿಲರ ಹೆಸರು ನನಗೆ ಮೊದಲು ನೆನಪಾಗುತ್ತದೆ. ಅವರ ಜೀವನವನ್ನು ಈ ಒಂದು ದೃಷ್ಟಿಯಿಂದ ನೋಡಬೇಕೆಂಬುದೇ ನನ್ನ ಉದ್ದೇಶ.

ಮಿರ್ಜಾ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದಿಂದ ಬಂದು, ಕುದುರೆಗಳ ವ್ಯಾಪಾರ ಮಾಡುತ್ತ ಬೆಂಗಳೂರಿನಲ್ಲಿ ನೆಲೆಸಿದವರು. ಮೊಮ್ಮಗನಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಓದುವ ಭಾಗ್ಯ ಒದಗಿತು. 1905ರಲ್ಲಿ ಸೆಂಟ್ರಲ್ ಕಾಲೇಜಿನ ಪದವೀಧರರಾಗಿ, ಸರ್ಕಾರಿ ಸೇವೆಗೆ ಸೇರಿ, ಮಹಾರಾಜರ ಖಾಸಗಿ ಕಾರ್ಯದರ್ಶಿಗಳಾದರು. 1926ರಲ್ಲಿ ದಿವಾನ ಪದವಿ ಅವರನ್ನು ಅರಸಿ ಬಂದಿತು. ಮುಂದಿನ 15 ವರ್ಷ ಮೈಸೂರಿನ ಆಡಳಿತ ಅವರ ಕೈಯಲ್ಲಿತ್ತು.

ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಪಿಂಗಾಣಿ, 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ, ಇವೆಲ್ಲ ಅವರ ಕಾಲದ ಉದ್ಯಮಗಳು. ಕಾರ್ಖಾನೆಯಷ್ಟೇ ಬೀದಿಯ ಚರಂಡಿ, ಸಾಲುಮರಗಳೂ ಅವರ ಗಮನಕ್ಕೆ ಬೀಳುತ್ತಿದ್ದವು. ಉಪಯೋಗ ಬೇರೆ, ಸೌಂದರ್ಯ ಬೇರೆ ಎಂದು ಅವರು ಎಣಿಸಿದವರಲ್ಲ.

ಇದಕ್ಕೆ ಕನ್ನಂಬಾಡಿಯೇ ಸಾಕ್ಷಿ. 1911ರಲ್ಲಿ ಆರಂಭವಾದ ಆ ಕಟ್ಟೆಯ ಕೆಲಸ ಪೂರ್ಣಗೊಂಡದ್ದು 1931ರಲ್ಲಿ. ಸುಮಾರು 10,000 ಕೂಲಿಕಾರರು ಕಲ್ಲು ಹೊತ್ತು, ಸುರ್ಕಿ ಗಾರೆ ಅರೆದು, 130 ಅಡಿ ಎತ್ತರದ ಗೋಡೆಯನ್ನೆಬ್ಬಿಸಿದರು. ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು. ವಿಶ್ವೇಶ್ವರಯ್ಯನವರ ಹೆಸರು ಈ ಕಟ್ಟೆಯೊಡನೆ ಅಂಟಿಕೊಂಡಿರುವುದು ನ್ಯಾಯವೇ. ಆದರೆ ಕಟ್ಟೆಯ ಬುಡವನ್ನು ಜನರು ಹೆಂಡಿರು ಮಕ್ಕಳೊಡನೆ ಬಂದು ಕೂಡುವ ತಾಣವನ್ನಾಗಿ ಮಾಡಿದವರು ಮಿರ್ಜಾ. 1927ರಲ್ಲಿ ತೊಡಗಿ 1932ರ ಹೊತ್ತಿಗೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ, ಸುಮಾರು 60 ಎಕರೆಯ ಬೃಂದಾವನ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅರಳಿತು. ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರ ಕೈವಾಡವೂ ಅದರಲ್ಲಿತ್ತು. ತೋಟ ಕಟ್ಟೆಯನ್ನು ಮರೆಮಾಡಲಿಲ್ಲ. ಕಾರಂಜಿಯಿಂದ ಕಣ್ಣೆತ್ತಿದರೆ ಎದುರಿಗೆ ಆ ಗೋಡೆಯೇ.

ಮಿರ್ಜಾರವರನ್ನು ಹೊಗಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಎದ್ದಾಗ ಅವರ ಆಡಳಿತ ಬಿಗಿಯಾಯಿತು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಜನರಿಗಾಗಿ ತೋಟ ಮಾಡುವುದು ಸುಲಭ, ಜನರ ಮಾತಿಗೆ ಕಿವಿಗೊಡುವುದು ಕಷ್ಟ. 1941ರಲ್ಲಿ ದಿವಾನಗಿರಿ ಬಿಟ್ಟ ಅವರು ಮುಂದೆ ಜಯಪುರದಲ್ಲಿಯೂ ಹೈದರಾಬಾದಿನಲ್ಲಿಯೂ ಆಡಳಿತ ನಡೆಸಿ, 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕಾಲವಾದರು.

ಬೃಂದಾವನದಲ್ಲಿ ನನ್ನ ಮನಸ್ಸಿಗೆ ಒಂದು ಕೊರತೆ ಕಾಣುತ್ತದೆ. ಹೂಗಳ ನಡುವೆ ನಡೆಯುವವನಿಗೆ ಆ 10,000 ಜನರ ನೆನಪು ತಾನಾಗಿ ಬರುವುದಿಲ್ಲ. ಮಿರ್ಜಾ ಅರ್ಧ ದಾರಿ ನಡೆದರು. ಉಳಿದರ್ಧ ನಮ್ಮ ಪಾಲಿನದು.

ಇದನ್ನು ನಾನು ಕೃಷ್ಣೆಯ ದಂಡೆಯ ಹಿಪ್ಪರಗಿಯವನಾಗಿ ಬರೆಯುತ್ತಿದ್ದೇನೆ. ನಮ್ಮೂರ ಹೊಳೆಗೂ ಈಗ ಬ್ಯಾರೇಜು ಬಂದಿದೆ. ಪಕ್ಕದ ರಬಕವಿ-ಬನಹಟ್ಟಿಯಲ್ಲಿ ನೇಕಾರರ ಮಗ್ಗಗಳಿವೆ. ಬ್ಯಾರೇಜಿನ ಬಳಿ ಒಂದು ತೋಟವಾಗಲಿ. ಕಲ್ಲು ಹೊತ್ತವರ, ನೀರಿಗಾಗಿ ಹೊಲ ಬಿಟ್ಟುಕೊಟ್ಟವರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸೋಣ. ಹಳೆಯ ಕುಣಿಮಗ್ಗವೊಂದನ್ನು ನೆರಳಿನಲ್ಲಿರಿಸಿ, ನೇಯ್ದ ಕೈ ಯಾರದೆಂದು ಮಕ್ಕಳಿಗೆ ತೋರಿಸೋಣ. ಆ ಕೆಲಸ ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ಬರೆದಿಡಬೇಕು. ಇದಕ್ಕೆ ದಿವಾನರ ಅಪ್ಪಣೆ ಬೇಕಿಲ್ಲ. ರಜೆಯಲ್ಲಿ ಊರಿಗೆ ಹೋಗುವ ನಮ್ಮ ಕಾಲೇಜಿನ ವಿದ್ಯಾರ್ಥಿಗಳೇ ಆರಂಭಿಸಬಹುದು.