ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ಕುದುರೆಯ ದಾರಿ

ಮೈಸೂರು ಮಹಾರಾಜರೆಂದರೆ ನಮಗೆ ಮೊದಲು ನೆನಪಾಗುವವರು ಕನ್ನಂಬಾಡಿ ಕಟ್ಟೆ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ್. ಅವರ ಅಜ್ಜ ಮುಮ್ಮಡಿಯವರ ಬಗ್ಗೆ ನಾವು ಪಾಠದಲ್ಲಿ ಓದುವುದು ಎರಡು ಸಾಲು ಮಾತ್ರ: 1799ರಲ್ಲಿ ಪಟ್ಟಕ್ಕೆ ಬಂದರು, 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಗಣಿತದ ಒಂದು ಹಳೆಯ ಒಗಟಿನ ಚರಿತ್ರೆಯಲ್ಲೂ ಅವರ ಹೆಸರಿದೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು.

ಅವರು ಹುಟ್ಟಿದ್ದು 1794ರ ಜುಲೈ 14ರಂದು. ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದ ಮರುತಿಂಗಳೇ, ಇನ್ನೂ ಐದು ವರ್ಷ ತುಂಬದ ಈ ಬಾಲಕನಿಗೆ ಕಂಪನಿಯವರು ಪಟ್ಟ ಕಟ್ಟಿದರು. ಆಡಳಿತವನ್ನು ದಿವಾನ್ ಪೂರ್ಣಯ್ಯ ನೋಡಿಕೊಂಡರು. ಮುಂದೆ ಅರಸರು ತಾವೇ ಆಳತೊಡಗಿದರು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಕಾರಣವಾಗಿ ತೋರಿಸಿ ಕಂಪನಿ ಮರುವರ್ಷ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಆಗ ಅವರಿಗೆ 37 ವರ್ಷ. ಇನ್ನೂ 36 ವರ್ಷಕ್ಕೂ ಹೆಚ್ಚು ಕಾಲ ಅವರು ಬದುಕಿದ್ದರು. ಅರಮನೆ ಇತ್ತು, ಅಧಿಕಾರ ಇರಲಿಲ್ಲ.

ಆ ವರ್ಷಗಳನ್ನು ಅವರು ಸುಮ್ಮನೆ ಕಳೆಯಲಿಲ್ಲ. ರಾಜ್ಯ ವಾಪಸ್ ಕೊಡಿ ಎಂದು ಬ್ರಿಟಿಷರಿಗೆ ಪತ್ರದ ಮೇಲೆ ಪತ್ರ ಬರೆದರು. ವಿದ್ವಾಂಸರನ್ನೂ ಚಿತ್ರಕಾರರನ್ನೂ ಪೋಷಿಸಿದರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಒಂಬತ್ತು ಭಾಗಗಳಿವೆ. ಕೊನೆಯದಾದ ಕೌತುಕ ನಿಧಿಯಲ್ಲಿ ಆಟಗಳ ವಿಷಯವಿದೆ. ಗಂಜೀಫಾ ಎಲೆಗಳಲ್ಲಿ ಹೊಸ ಆಟಗಳನ್ನು ಹೂಡಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಈ ಆಟದ ಹಾಸುಗಳ ಚಿತ್ರಗಳಿವೆ.

ಅವರಿಗೆ ಬಹಳ ಹಿಡಿಸಿದ್ದು ಚದುರಂಗದ ಕುದುರೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಹೀಗೆಯೇ ಹಾರುತ್ತಾ 64 ಮನೆಗಳಿಗೂ ಹೋಗಬೇಕು, ಯಾವ ಮನೆಗೂ ಎರಡನೇ ಸಲ ಕಾಲಿಡಬಾರದು. ಒಗಟು ಇಷ್ಟೇ. 9ನೇ ಶತಮಾನದಲ್ಲೇ ಬಾಗ್ದಾದಿನ ಶತ್ರಂಜ್ ಪಂಡಿತ ಅಲ್-ಅದ್ಲಿ ಇದನ್ನು ಬಿಡಿಸಿದ್ದರು. ಅದೇ ಶತಮಾನದಲ್ಲಿ ಕಾಶ್ಮೀರದ ರುದ್ರಟ ಇದೇ ನಡೆಯಲ್ಲಿ ಶ್ಲೋಕದ ಅಕ್ಷರಗಳನ್ನು ಜೋಡಿಸಿದ್ದ. ಮುಮ್ಮಡಿಯವರು ಇನ್ನೊಂದು ಷರತ್ತು ಸೇರಿಸಿಯೂ ದಾರಿ ಹುಡುಕಿದರು. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ, ಪ್ರತಿ ಅಡ್ಡಸಾಲಿನ ಮೊತ್ತವೂ ಪ್ರತಿ ಉದ್ದಸಾಲಿನ ಮೊತ್ತವೂ 260 ಆಗಬೇಕು! ಮೂಲೆಯಿಂದ ಮೂಲೆಗೆ ಹೋಗುವ ಎರಡು ಸಾಲುಗಳಲ್ಲೂ 260 ಬರಿಸಬಹುದೇ? ಸಾಧ್ಯವಿಲ್ಲವೆಂದು 2003ರಲ್ಲಿ ಕಂಪ್ಯೂಟರುಗಳು ಎಲ್ಲ ದಾರಿಗಳನ್ನೂ ಜಾಲಾಡಿದ ಮೇಲಷ್ಟೇ ಗೊತ್ತಾಯಿತು.

ಹೊರಟ ಮನೆಗೇ ಮರಳುವ ಕುದುರೆ ದಾರಿಗಳು ಸುಮಾರು 13 ಲಕ್ಷ 26 ಸಾವಿರ ಕೋಟಿ ಇವೆ. ಆದರೂ ಮನಸ್ಸಿಗೆ ಬಂದಂತೆ ಹೊರಟರೆ ನಡುವೆಯೇ ಸಿಕ್ಕಿಬೀಳುತ್ತೇವೆ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಒಂದು ಉಪಾಯ ಹೇಳಿದರು: ಮುಂದೆ ಹೋಗಲು ಎಲ್ಲಿ ದಾರಿ ಕಡಿಮೆಯೋ ಆ ಮನೆಗೆ ಮೊದಲು ಹೋಗಿ. ಮೂಲೆಯ ಮನೆಗೆ ಇರುವುದು ಎರಡೇ ದಾರಿ. ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಕೆಟ್ಟೆವು.

ಕಾಮರ್ಸ್ ಓದುವ ನಮಗೆ ಇದರಿಂದ ಏನು? ಕೊಪ್ಪಳದಿಂದ ಹೊರಟ ಒಂದು ಗಾಡಿ ಗಿಣಿಗೇರಾ, ಹುಲಿಗಿ, ಮುನಿರಾಬಾದ್ ಎಂದು 10 ಕಡೆ ಸಾಮಾನು ಇಳಿಸಬೇಕು ಎಂದುಕೊಳ್ಳಿ. ಬೇಸಿಕ್ ಮ್ಯಾಥ್ಸ್‌ನಲ್ಲಿ ಕಲಿತ ಫ್ಯಾಕ್ಟೋರಿಯಲ್ ಪ್ರಕಾರ ಅದಕ್ಕೆ 36,28,800 ಕ್ರಮಗಳಿವೆ. 20 ಊರಾದರೆ 19 ಅಂಕಿಯ ಸಂಖ್ಯೆ. ಗಾಡಿಯಲ್ಲಿ ಇಷ್ಟೇ ಭಾರ, ಇಂಥ ಅಂಗಡಿಗೆ ಇಷ್ಟು ಹೊತ್ತಿನೊಳಗೆ ಎಂಬ ಷರತ್ತು ಸೇರಿದರೆ ಲೆಕ್ಕ ಇನ್ನೂ ಬಿಗಿ. ಯಾವುದೇ ದಾರಿಜಾಲದಲ್ಲಿ ಪ್ರತಿ ಜಾಗಕ್ಕೂ ಒಂದೇ ಸಲ ಹೋಗಿಬರುವ ದಾರಿ ಇದೆಯೇ ಎಂದು ಹೇಳುವುದು ಬಹಳ ಕಠಿಣ ಲೆಕ್ಕಗಳ ಗುಂಪಿಗೆ ಸೇರಿದೆಯೆಂದು 1972ರಲ್ಲಿ ಅಮೆರಿಕದ ರಿಚರ್ಡ್ ಕಾರ್ಪ್ ತೋರಿಸಿದರು. ಯಾರಾದರೂ ದಾರಿ ಕೊಟ್ಟರೆ ಸರಿಯೇ ಎಂದು ಬೆರಳಿಟ್ಟು ನೋಡುವುದು ಸುಲಭ, ಹುಡುಕುವುದೇ ಕಷ್ಟ. ಎಲ್ಲ ಕಡೆಗೂ ನಡೆಯುವ ವೇಗದ ವಿಧಾನ ಇಂದಿಗೂ ಯಾರಿಗೂ ಸಿಕ್ಕಿಲ್ಲ. ಅಂಥದ್ದು ಇಲ್ಲವೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ.

ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ರಾಜ್ಯವನ್ನು ಆ ದತ್ತುಮಗನಿಗೆ ಕೊಡಲು ಬ್ರಿಟಿಷ್ ಸರ್ಕಾರ 1867ರಲ್ಲಿ ಒಪ್ಪಿತು. 1868ರ ಮಾರ್ಚ್ 27ರಂದು ಅವರು ತೀರಿಕೊಂಡರು. ರಾಜ್ಯ ಮನೆತನದ ಕೈಗೆ ಬಂದದ್ದು 1881ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಷರತ್ತುಗಳ ನಡುವೆ ಬದುಕಿದ ಅರಸರು ಷರತ್ತುಗಳ ಒಗಟನ್ನು ಅಷ್ಟು ಪ್ರೀತಿಸಿದ್ದು ನನಗೆ ದೊಡ್ಡ ಪಾಠವೆನಿಸಿತು. ಕೈ ಕಟ್ಟಿದ್ದರೂ ಬುದ್ಧಿಯನ್ನು ಯಾರೂ ಕಟ್ಟಲಾರರು.

ಗೆಳೆಯರೇ, ಬಿಡುವಿದ್ದಾಗ ನೀವೂ ಪೆನ್ಸಿಲ್ ಹಿಡಿದು ನೋಡಿ. ಉದ್ದಕ್ಕೂ ಅಗಲಕ್ಕೂ ನಾಲ್ಕು ಮನೆಯಿದ್ದರೆ ಕುದುರೆಗೆ ಇದು ಸಾಧ್ಯವೇ ಇಲ್ಲ. ಐದೈದು ಮನೆಯಿದ್ದರೆ ಮೂಲೆಯಿಂದ ಹೊರಡಿ, ದಾರಿ ಸಿಗುತ್ತದೆ.