ಬಿ.ಜಿ.ಎಲ್. ಸ್ವಾಮಿ

ಪಂಡಿತರಿಗಾಗಿ ಬರೆದ ಲೇಖನ ಸಾಮಾನ್ಯರಿಗೆ ತಿಳಿಯದು. ಸಾಮಾನ್ಯರಿಗಾಗಿ ಬರೆದುದನ್ನು ಪಂಡಿತರು ಮೆಚ್ಚರು ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಈ ಎರಡು ಬಗೆಯ ಓದುಗರ ಮನ್ನಣೆಯನ್ನೂ ಪಡೆದ ಅಪರೂಪದ ವಿದ್ವಾಂಸರಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಒಬ್ಬರು.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು ಜನಿಸಿದ್ದು 1918ರಲ್ಲಿ. ಕವಿಗಳೂ ಪತ್ರಕರ್ತರೂ ಆಗಿದ್ದ ಡಿ.ವಿ. ಗುಂಡಪ್ಪನವರು ಅವರ ತಂದೆ. ಮನೆಯಲ್ಲಿ ಸಾಹಿತ್ಯದ ವಾತಾವರಣವಿದ್ದರೂ ಮಗನ ಮನಸ್ಸು ಗಿಡಮರಗಳ ಕಡೆಗೆ ಒಲಿಯಿತು. ಸಸ್ಯಶಾಸ್ತ್ರವನ್ನು ವ್ಯಾಸಂಗಮಾಡಿದ ಅವರು, ಆರ್ಕಿಡ್ ಸಸ್ಯಗಳಲ್ಲಿ ಭ್ರೂಣವು ಬೆಳೆಯುವ ಬಗೆಯನ್ನು ಸೂಕ್ಷ್ಮದರ್ಶಕದ ಮೂಲಕ ಪರಿಶೀಲಿಸಿ ಅನೇಕ ಸಂಶೋಧನ ಲೇಖನಗಳನ್ನು ಪ್ರಕಟಿಸಿದರು.

ಅನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯೊಡನೆ ಕೆಲಸಮಾಡುವ ಅವಕಾಶ ಅವರಿಗೆ ದೊರೆಯಿತು. ಹೂವಿನ ನಡುವೆ ಬೀಜಗಳಿಗೆ ಆಶ್ರಯ ಕೊಡುವ ಅಂಗವು ಮೂಲದಲ್ಲಿ ಉದ್ದಕ್ಕೆ ಮಡಿಚಿಕೊಂಡ ಎಲೆಯಂತೆ ಇದ್ದಿತೆಂದು ವಿವರಿಸುವ ಲೇಖನವನ್ನು ಗುರುಶಿಷ್ಯರು 1951ರಲ್ಲಿ ಪ್ರಕಟಿಸಿದರು. ಹೂಗಳ ವಿಕಾಸವನ್ನು ಅಭ್ಯಸಿಸುವವರಿಗೆ ಅದು ಮುಖ್ಯ ಲೇಖನವಾಯಿತು. ತಾವು ಗುರುತಿಸಿದ ಒಂದು ಸಸ್ಯಕ್ಕೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟು ತಮ್ಮ ಋಣವನ್ನು ಸಲ್ಲಿಸಿದರು.

ತಾಯ್ನಾಡಿಗೆ ಮರಳಿದ ಮೇಲೆ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ಆ ವೇಳೆಗೆ ಅವರ ಕೀರ್ತಿ ಹೊರದೇಶಗಳಲ್ಲಿಯೂ ಹಬ್ಬಿದ್ದಿತು. ಆದರೆ ಆ ಲೇಖನಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕೆಲವೇ ತಜ್ಞರು ಅವನ್ನು ಓದಬಲ್ಲವರಾಗಿದ್ದರು. ತಮ್ಮ ಹಿತ್ತಲ ಗಿಡದ ಕಥೆಯೇ ಕನ್ನಡಿಗರಿಗೆ ಅಪರಿಚಿತವಾಗಿ ಉಳಿದಿತ್ತು.

ಈ ಕೊರತೆಯನ್ನು ತುಂಬಲು ಸ್ವಾಮಿಯವರು ಕನ್ನಡದಲ್ಲಿ ಲೇಖನಿ ಹಿಡಿದರು. ‘ಹಸುರು ಹೊನ್ನು’ ಗ್ರಂಥದಲ್ಲಿ ಅವರು ಓದುಗರನ್ನು ತರಗತಿಯಲ್ಲಿ ಕೂರಿಸಲಿಲ್ಲ. ವಿದ್ಯಾರ್ಥಿಗಳ ತಂಡದೊಡನೆ ಕಾಡಿಗೆ ಕರೆದೊಯ್ದರು. ದಾರಿಯಲ್ಲಿ ನಗೆಮಾತು, ಕೀಟಲೆ, ಪ್ರಯಾಣದ ಪಾಡು ಎಲ್ಲವೂ ಉಂಟು. ಅವುಗಳ ನಡುವೆಯೇ ಒಂದೊಂದು ಗಿಡವೂ ತನ್ನ ಹೆಸರು, ರೂಪ, ಉಪಯೋಗಗಳೊಡನೆ ಪರಿಚಯವಾಗುತ್ತದೆ. ಚಿತ್ರಗಳನ್ನೂ ಅವರೇ ಬರೆದರು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂಬ ಪುಸ್ತಕದ ಹೆಸರೇ ಕುತೂಹಲವನ್ನು ಕೆರಳಿಸುತ್ತದೆ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊ ಇಲ್ಲಿನ ಮೂಲವಾಸಿಗಳಲ್ಲ. 1492ರಲ್ಲಿ ಕೊಲಂಬಸ್ ಅಮೆರಿಕವನ್ನು ತಲುಪಿದ ಮೇಲೆ ಹಡಗುಗಳಲ್ಲಿ ಬಂದ ಅತಿಥಿಗಳು. ಸಸ್ಯಗಳ ಇಂತಹ ವಲಸೆಯ ಇತಿಹಾಸವನ್ನು ಅವರು ಊಟದ ಎಲೆಯಿಂದಲೇ ಆರಂಭಿಸಿದರು.

ಸುಲಭಗೊಳಿಸುವ ನೆಪದಲ್ಲಿ ಸ್ವಾಮಿಯವರು ಸತ್ಯವನ್ನು ಸಡಿಲಗೊಳಿಸಲಿಲ್ಲ. ಸಸ್ಯದ ಶಾಸ್ತ್ರೀಯ ನಾಮವನ್ನು ಮರೆಮಾಡಲಿಲ್ಲ. ಅದನ್ನು ಓದುಗನಿಗೆ ಬೇಕೆನಿಸುವ ಸ್ಥಳದಲ್ಲಿ ಹೇಳಿದರು. ತಜ್ಞರಿಗೆ ಒಂದು ಸತ್ಯ, ಜನಸಾಮಾನ್ಯರಿಗೆ ಇನ್ನೊಂದು ಎಂಬ ಭೇದ ಅವರಲ್ಲಿರಲಿಲ್ಲ. ಬದಲಾಗುತ್ತಿದ್ದುದು ಹೇಳುವ ದಾರಿ ಮಾತ್ರ. ತಾನು ಚೆನ್ನಾಗಿ ಅರಿತವನೇ ಸರಳವಾಗಿ ಹೇಳಬಲ್ಲನೆಂಬುದಕ್ಕೆ ಅವರ ಬರಹವೇ ಸಾಕ್ಷಿ.

1978ರಲ್ಲಿ ‘ಹಸುರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಸಸ್ಯಗಳನ್ನು ಕುರಿತ ಪುಸ್ತಕವೊಂದು ಸಾಹಿತ್ಯಕೃತಿಯಾಗಿ ಮನ್ನಣೆ ಗಳಿಸಿದ್ದು ಕನ್ನಡಕ್ಕೆ ಹೆಮ್ಮೆಯ ಸಂಗತಿ. 1980ರಲ್ಲಿ ಸ್ವಾಮಿಯವರು ನಿಧನರಾದರು. ಅವರ ಪುಸ್ತಕವನ್ನು ಓದಿದವರಿಗೆ ದಾರಿಬದಿಯ ಗಿಡವೂ ಬರಿಯ ಹಸುರಾಗಿ ಉಳಿಯುವುದಿಲ್ಲ. ಹೆಸರುಳ್ಳ, ಕಥೆಯುಳ್ಳ ನೆರೆಯವನಾಗುತ್ತದೆ.