ಡೆಪ್ಯುಟಿ ಚನ್ನಬಸಪ್ಪನವರು

ಕಳೆದ ಶತಮಾನದ ಮಧ್ಯಭಾಗದವರೆಗೂ ತುಂಗಭದ್ರೆಯು ಕನ್ನಡ ನಾಡಿನ ನಡುವೆಯೇ ಹರಿಯುವ ಗಡಿಯಾಗಿತ್ತು. ಬಲದಂಡೆಯ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಸೀಮೆಯು ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಎಡದಂಡೆಯಾಚೆಯ ಧಾರವಾಡವು ಮುಂಬಯಿ ಪ್ರಾಂತದಲ್ಲಿತ್ತು. ಮಿಕ್ಕ ಕನ್ನಡಿಗರಲ್ಲಿ ಹಲವರು ಮೈಸೂರು ಅರಸರ, ಹೈದರಾಬಾದಿನ ನಿಜಾಮರ ಪ್ರಜೆಗಳು. ಹೀಗೆ ಹಂಚಿಹೋದ ನಾಡಿನಲ್ಲಿ ಕನ್ನಡಕ್ಕೆ ಹೆಚ್ಚಿನ ಇಕ್ಕಟ್ಟು ಒದಗಿದ್ದು ಧಾರವಾಡ, ಬೆಳಗಾವಿಗಳ ಕಡೆಯಲ್ಲಿ. ಪೇಶ್ವೆಯರ ಆಳಿಕೆ 1818ರಲ್ಲಿ ಕೊನೆಗೊಂಡಿದ್ದರೂ ಮರಾಠಿಯು ಕಚೇರಿಯಲ್ಲಿ ಉಳಿದಿತ್ತು. ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿದ್ದವು. ಸರಕಾರಿ ಶಾಲೆಗಳಲ್ಲಿಯೂ ಮರಾಠಿಯೇ ಮೊದಲ ಸ್ಥಾನ ಪಡೆದಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯ ಹೊಸ್ತಿಲು ದಾಟಿದೊಡನೆ ತನಗೆ ತಿಳಿಯದ ನುಡಿಯನ್ನು ಬಾಯಿಪಾಠ ಮಾಡಬೇಕಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಲು ದುಡಿದವರಲ್ಲಿ ಚನ್ನಬಸಪ್ಪನವರು ಅಗ್ರಗಣ್ಯರು. ಅವರು ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಧಾರವಾಡದಲ್ಲಿ ಜನಿಸಿದರು. ಇಂಗ್ಲಿಷ್ ವಿದ್ಯೆಯ ಹಂಬಲ ಅವರನ್ನು ಪುಣೆಯವರೆಗೆ ಕರೆದೊಯ್ದಿತು. ಆಗಿನ್ನೂ ಧಾರವಾಡಕ್ಕೆ ರೈಲುದಾರಿ ಬಂದಿರಲಿಲ್ಲ. ಹಾಗೆ ಕಲಿತು ಬಂದವರು ದೊಡ್ಡ ಹುದ್ದೆಗಳತ್ತ ನೋಡುವುದು ಆ ಕಾಲದ ರೂಢಿ. ಚನ್ನಬಸಪ್ಪನವರು ಶಿಕ್ಷಣ ಇಲಾಖೆಯನ್ನು ಸೇರಿದರು. ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರ್ ಆಗಿ ಅವರು ದುಡಿದ ಬಗೆಯನ್ನು ಜನರು ಎಷ್ಟು ಮೆಚ್ಚಿದರೆಂದರೆ, ಹುದ್ದೆಯ ಹೆಸರೇ ಅವರ ಹೆಸರಿನೊಡನೆ ಶಾಶ್ವತವಾಗಿ ಸೇರಿಕೊಂಡಿತು.

ಮರಾಠಿ ಶಾಲೆಯನ್ನು ಕನ್ನಡ ಶಾಲೆಯೆಂದು ಕಾಗದದ ಮೇಲೆ ಬದಲಿಸುವುದು ಸುಲಭ. ಆದರೆ ಕಲಿಸುವವರು ಯಾರು? ಯಾವ ಪುಸ್ತಕದಿಂದ ಕಲಿಸಬೇಕು? ಗಾಂವಠಿ ಶಾಲೆಯ ಅಯ್ಯನವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಮಗ್ಗಿ ಹೇಳಿಸುವುದು ಗೊತ್ತಿತ್ತು. ಭೂಗೋಳವನ್ನೋ ಚರಿತ್ರೆಯನ್ನೋ ಕನ್ನಡದಲ್ಲಿ ಹೇಳಿಕೊಡಲು ಅವರಿಗೆ ಪದಗಳೂ ಇರಲಿಲ್ಲ, ಪಾಠಗಳೂ ಇರಲಿಲ್ಲ. ಶಾಲೆಗಿಂತ ಮೊದಲು ಶಿಕ್ಷಕನನ್ನು ಸಿದ್ಧಪಡಿಸಬೇಕೆಂಬುದನ್ನು ಚನ್ನಬಸಪ್ಪನವರು ಸ್ಪಷ್ಟವಾಗಿ ಕಂಡುಕೊಂಡರು. ಅವರ ಹಿರಿಮೆ ಇರುವುದು ಇಲ್ಲಿಯೇ. ಶಿಕ್ಷಕರನ್ನು ತಯಾರುಮಾಡಲು ಧಾರವಾಡದಲ್ಲಿ 1856ರಲ್ಲಿ ಆರಂಭವಾಗಿದ್ದ ನಾರ್ಮಲ್ ಸ್ಕೂಲು, ಅವರು ಮುಖ್ಯಸ್ಥರಾಗಿದ್ದಾಗ ಕನ್ನಡದ ಕೇಂದ್ರವೇ ಆಯಿತು. ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿದ್ದ ರಸೆಲ್ ಸಾಹೇಬರ ಬೆಂಬಲ ಈ ಕಾರ್ಯಕ್ಕೆ ಒದಗಿದ್ದು ಕನ್ನಡಿಗರ ಸುದೈವ.

ತರಬೇತಿ ಮುಗಿಸಿ ಹಳ್ಳಿ ಸೇರಿದ ಶಿಕ್ಷಕನಿಗೆ ಮುಂದೆ ಆಸರೆ ಯಾರು? ಸುತ್ತ ಹತ್ತಾರು ಹರದಾರಿಯಲ್ಲಿ ಅವನ ಸಂದೇಹವನ್ನು ಬಗೆಹರಿಸುವವರಿಲ್ಲ. ಕಲಿತದ್ದು ವರ್ಷ ಕಳೆಯುವುದರೊಳಗೆ ಮಾಸಿಹೋಗುವ ಭಯವಿತ್ತು. 1865ರಲ್ಲಿ ಹುಟ್ಟಿದ ‘ಮಠಪತ್ರಿಕೆ’ ಈ ಕೊರತೆಯನ್ನು ತುಂಬಲು ಬಂದಿತು. ಆಗ ಜನರು ಶಾಲೆಯನ್ನು ಮಠವೆಂದೇ ಕರೆಯುತ್ತಿದ್ದುದರಿಂದ ಈ ಹೆಸರು ಸಹಜವಾಗಿಯೇ ಹೊಂದಿಕೊಂಡಿತು. ಪಾಠ ಹೇಳುವವನಿಗಾಗಿಯೇ ಅವನ ನುಡಿಯಲ್ಲಿ ಒಂದು ಪತ್ರಿಕೆ ನಡೆಯಬೇಕೆಂಬ ಕಲ್ಪನೆ ಆ ದಿನಗಳಲ್ಲಿ ಸಾಮಾನ್ಯವಾದುದಲ್ಲ.

ಪುಸ್ತಕಗಳ ವಿಷಯದಲ್ಲಿ ಅವರು ತಾವೂ ಬರೆದರು, ಇತರರಿಂದಲೂ ಬರೆಯಿಸಿದರು. ಷೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ಅವರು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಿಸಿದರು. ಶಿಕ್ಷಕರಾಗಿದ್ದ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡ ಗದ್ಯಕ್ಕೆ ತಂದದ್ದೂ, ವೆಂಕಟರಂಗೋ ಕಟ್ಟಿಯವರ ಲೇಖನಿ ಚುರುಕುಗೊಂಡದ್ದೂ ಈ ವಾತಾವರಣದಲ್ಲಿಯೇ. ಪಂಡಿತರಿಗಾಗಿ ಬರೆಯುವುದು ಅಂದಿನವರಿಗೆ ಅಭ್ಯಾಸವಾಗಿತ್ತು. ಎಂಟು ವರ್ಷದ ಬಾಲಕನಿಗೆ ತಿಳಿಯುವಂತೆ ಗದ್ಯ ಬರೆಯುವುದು ಅದಕ್ಕಿಂತ ಕಷ್ಟದ ಕೆಲಸ.

ಚನ್ನಬಸಪ್ಪನವರು 1881ರಲ್ಲಿ, ಐವತ್ತು ವರ್ಷ ತುಂಬುವ ಮೊದಲೇ ತೀರಿಕೊಂಡರು. ಒಂಬತ್ತು ವರ್ಷಗಳ ಅನಂತರ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಮಠಪತ್ರಿಕೆಯು ಮುಂದೆ ಶಾಲಾಪತ್ರಿಕೆಯಾಗಿ, ಬಳಿಕ ‘ಜೀವನ ಶಿಕ್ಷಣ’ವೆಂಬ ಹೆಸರಿನಿಂದ ಶಿಕ್ಷಕರ ಕೈ ಸೇರಿತು. ಅವರ ಅಧಿಕಾರವಾದರೋ ತುಂಗಭದ್ರೆಯನ್ನು ದಾಟಿರಲಿಲ್ಲ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. 1956ರಲ್ಲಿ ಧಾರವಾಡವೂ ಬಂದು ಕೂಡಿತು. ಅಂದಿನಿಂದ ಹೊಳೆಯ ಎರಡೂ ದಂಡೆಗಳ ಶಾಲೆಗಳು ಒಂದೇ ಶಿಕ್ಷಣ ಇಲಾಖೆಯ ಆಡಳಿತಕ್ಕೆ ಒಳಪಟ್ಟವು.